ಕ್ರೋನ್ಸ್ ಕಾಯಿಲೆ ಇರೋರಿಗೆ ಪಿತ್ತಕೋಶದಲ್ಲಿ ಕಲ್ಲು ಜಾಸ್ತಿ ಆಗುತ್ತಾ?

ಹೌದು, ನಿಮ್ಮ ಅಣ್ಣಂಗೆ ಕ್ರೋನ್ಸ್ (ಕರುಳಲ್ಲಿ ದೀರ್ಘಕಾಲ ಉರಿಯೂತ ಇರೋ ಕಾಯಿಲೆ) ಇದೆ, ಸಣ್ಣ ಕರುಳಿನ ಕೊನೇ ಭಾಗ ಆಪರೇಷನ್ ಮಾಡಿ ತೆಗ್ದಿದಾರೆ ಅಂದ್ರಲ್ಲ, ಅಂಥೋರಿಗೆ ರಿಸ್ಕ್ ಜಾಸ್ತಿನೇ. ಪಿತ್ತರಸದಲ್ಲಿ ಕೊಬ್ಬು ಕರಗಿಸೋ ಬೈಲ್ ಆಸಿಡ್ ಸುಮಾರು 95% ವಾಪಸ್ ಲಿವರಿಗೆ ಹೋಗ್ಬೇಕು, ಅದನ್ನ ಹೀರ್ಕೊಳೋದು ಮುಖ್ಯವಾಗಿ ಆ ಕೊನೇ ಭಾಗನೇ, ಅದೇ ಇಲ್ಲ ಅಂದ್ರೆ ಆಸಿಡ್ ದೊಡ್ಡ ಕರುಳಿಗೆ ಹರಿದು ಭೇದಿನೂ ಆಗುತ್ತೆ, ಇತ್ತ ಆ ಆಸಿಡ್ ಕಮ್ಮಿಯಾಗಿ ಪಿತ್ತಕೋಶದಲ್ಲಿ ಕೊಲೆಸ್ಟ್ರಾಲ್ ಕರಗದೆ ಹರಳುಗಟ್ಟಿ ಕಲ್ಲಾಗ್ಬಹುದು. ಬರೀ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇರೋರಿಗೆ ಇಷ್ಟು ರಿಸ್ಕ್ ಇಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಊಟ ಆದ್ಮೇಲೆ ನೋವು ಬಂದ್ರೆ ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಕುಡ್ದು ಸುಮ್ನಾಗ್ತಾರೆ, ದಯವಿಟ್ಟು ಹಂಗೆ ಮಾಡ್ಬೇಡಿ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಹೆಗಲಿಗೆ ಹರಡಿದ್ರೆ ಶಿವಮೊಗ್ಗಕ್ಕೆ ಹೋಗಿ ಅಲ್ಟ್ರಾಸೌಂಡ್ ಮಾಡ್ಸಿ. ಜ್ವರ ಬಂದು ಕಣ್ಣು ಹಳದಿ ಆದ್ರಂತೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ ಹೊರಡಿ.