ರಾತ್ರಿ ಮಲಗಿದ ಮೇಲೆ ಎದೆ ಉರಿ ಜಾಸ್ತಿ ಆಗುವುದು ಯಾಕೆ?

ಅನ್ನನಾಳದ ಕೆಳತುದಿಯಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ಅದು ಸಡಿಲವಾದರೆ ಹೊಟ್ಟೆಯ ಆಸಿಡ್ ಮೇಲೆ ಬರುತ್ತದೆ, ಮಲಗಿದಾಗ ಇನ್ನೂ ಸುಲಭವಾಗಿ. ರಾತ್ರಿ 10ಕ್ಕೆ ಪೂರಿ ಸಾಗು ತಿಂದು ಹತ್ತೂವರೆಗೆ ಮಲಗಿದರೆ ಹೊಟ್ಟೆ ಇನ್ನೂ ತುಂಬಿರುತ್ತದೆ ಅಲ್ವಾ? ಊಟಕ್ಕೂ ನಿದ್ದೆಗೂ 3 ಗಂಟೆ ಬಿಡಿ, ಎಡ ಮಗ್ಗುಲಿಗೆ ಮಲಗಿ. ಸುಮ್ನೆ ದಿಂಬು ಜಾಸ್ತಿ ಇಟ್ಟರೆ ಸಾಲದು, ಸೊಂಟ ಮಡಚಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಮರದ ತುಂಡು ಕೊಡಿ.

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಹೊಟ್ಟೆಯ ಬೊಜ್ಜು. ಅದು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ. ಬೀಡಿ, ಸಿಗರೇಟು ಆ ಸ್ನಾಯುವನ್ನೇ ಸಡಿಲ ಮಾಡುತ್ತವೆ. ಖಾರ, ಕಾಫಿ ಒಬ್ಬೊಬ್ಬರಿಗೆ ಒಂದೊಂದು ಥರ. ಬಸುರಿಯರಲ್ಲೂ ಎದೆ ಉರಿ ಸಾಮಾನ್ಯ.

ಉರಿಯ ಜೊತೆ ಬೆವರು, ಎಡಗೈ ಅಥವಾ ದವಡೆ ನೋವು ಬಂದರೆ ಮಾತ್ರ ಗ್ಯಾಸ್ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.