ಲಾಂಗ್ ಡ್ರೈವ್‌ಗೆ ಯಾವ ಎಮರ್ಜೆನ್ಸಿ ಕಿಟ್ ಕೊಳ್ಳಬೇಕು?

ಕಾರು ತಗೊಂಡ ಹೊಸದರಲ್ಲಿ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿದ್ದೆ. ಕೊನೆಗೆ ದೊಡ್ಡದೊಂದು ಕಿಟ್ ಬ್ಯಾಗ್ ಕೊಂಡು ಡಿಕ್ಕಿಯಲ್ಲಿಟ್ಟೆ. ಟಾರ್ಚು, ಜಂಪರ್ ಕೇಬಲ್, ಟೋ ಹಗ್ಗ ಎಲ್ಲ ಇತ್ತು.

ರಾತ್ರಿ ಹತ್ತೂವರೆ, ಹೆದ್ದಾರಿ, ಪಕ್ಕದಲ್ಲಿ ಅಮ್ಮ. ಹಿಂದಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಜಾಕ್ ಇತ್ತು, ಸ್ಪ್ಯಾನರ್ ಇತ್ತು. 5 ನಟ್‌ಗಳಲ್ಲಿ 4 ಸಡಿಲಿಸಿದೆ. ಐದನೆಯದಕ್ಕೆ ಸ್ಪ್ಯಾನರ್ ಕೂರಲೇ ಇಲ್ಲ. ಬೆಳಕು ಬಿಟ್ಟು ನೋಡಿದರೆ ಅದರ ತಲೆ ಆರು ಮೂಲೆಯದಲ್ಲ. ಹೂವಿನ ಎಸಳಿನ ಹಾಗೆ ಅಂಕುಡೊಂಕಾಗಿ ಕೊರೆದ ಗೆರೆ. ಚಕ್ರ ಕದಿಯಬಾರದು ಅಂತ ಹಾಕುವ ಲಾಕ್ ನಟ್ ಅದು.

ಅದನ್ನು ಬಿಚ್ಚಲು ಅದೇ ಗೆರೆಗೆ ಹೊಂದುವ, ಹೆಬ್ಬೆರಳುದ್ದದ ಕೀ ಬೇಕು. ನನ್ನ ಹತ್ತಿರ ಇತ್ತು. ಎರಡು ತಿಂಗಳ ಹಿಂದೆ ವೀಲ್ ಬ್ಯಾಲೆನ್ಸಿಂಗ್‌ಗೆ ಬಿಟ್ಟಾಗ ಟೈರು ಅಂಗಡಿಯ ಹುಡುಗ ಕೇಳಿದ, ಕೊಟ್ಟೆ. ವಾಪಸ್ ಕೇಳಲಿಲ್ಲ. ಬಹುಶಃ ನಟ್ ಬಿಚ್ಚಿ ಬಿಗಿಯುವ ಅವರ ಗನ್ನಿನ ತುದಿಯಲ್ಲೇ ಉಳಿದಿರಬೇಕು. ತಪ್ಪು ಅವರದು ಅನ್ನಲಾರೆ. ಅಂಗಡಿಯಿಂದ ಹೊರಡುವ ಮುಂಚೆ ಟೂಲ್ ಚೀಲ ಬಿಚ್ಚಿ ನೋಡಬೇಕಾದವನು ನಾನು. ಆಮೇಲಾದರೂ ಮನೆ ಮುಂದೆ ಒಂದೇ ಒಂದು ಸಲ ಚಕ್ರ ಬಿಚ್ಚಿದ್ದರೆ ಗೊತ್ತಾಗುತ್ತಿತ್ತು. ಬ್ಯಾಗ್ ಇದೆಯಲ್ಲ ಅನ್ನುವ ಧೈರ್ಯಕ್ಕೆ ಅದನ್ನೂ ಮಾಡಲಿಲ್ಲ.

ಟೋ ಗಾಡಿ ಬಂದಾಗ ಒಂದೂಕಾಲು. ಅಷ್ಟು ಹೊತ್ತೂ ಇಬ್ಬರೂ ರಸ್ತೆಯ ತಡೆಬೇಲಿ ದಾಟಿ ನಿಂತಿದ್ದೆವು (ಕೆಟ್ಟು ನಿಂತ ಗಾಡಿಯೊಳಗೆ ಯಾರನ್ನೂ ಕೂರಿಸಬೇಡಿ, ಹಿಂದಿನಿಂದ ಬಂದು ಗುದ್ದುತ್ತಾರೆ). ಲಾರಿ ಹಾದಾಗಲೆಲ್ಲ ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಹಾಗಾಗಿ ಯಾವ ಕಿಟ್ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಡಿ. ರಾತ್ರಿ ದೂರದಿಂದ ಕಾಣುವ ಪ್ರತಿಫಲಕ ತ್ರಿಕೋನ ಒಂದಿರಲಿ, ಅಷ್ಟೇ. ಹಗಲು ಹೊತ್ತಿನಲ್ಲಿ, ಸಮತಟ್ಟಾದ ಗಟ್ಟಿ ನೆಲದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿ ಜೊತೆ ಬಂದ ಸಾಮಾನಿನಿಂದಲೇ ಒಂದು ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿ ನೋಡಿ. ಜಾಕ್ ಏರಿಸುವ ಮೊದಲೇ ನಟ್ ಸಡಿಲಿಸಬೇಕು, ಎತ್ತಿದ ಮೇಲೆ ಚಕ್ರ ತಿರುಗುತ್ತದೆ. ಗನ್ನಿನಿಂದ ಬಿಗಿದ ನಟ್ ನಿಮ್ಮ ಕೈಗೆ ಜಗ್ಗುತ್ತದೋ ಇಲ್ಲವೋ ಅವತ್ತೇ ತಿಳಿಯುತ್ತದೆ. ಜಗ್ಗದಿದ್ದರೆ ಉದ್ದ ಹಿಡಿಯ ಸ್ಪ್ಯಾನರ್ ಕೊಳ್ಳಿ. ಸ್ಟೆಪ್ನಿ ತೆಳ್ಳಗಿನದಾಗಿದ್ದರೆ ಅದರ ಮೇಲೆ ಬರೆದದ್ದನ್ನು ಓದಿ: ಸಾಮಾನ್ಯವಾಗಿ ಗಾಳಿ 60 ಪಿಎಸ್‌ಐ, ವೇಗ ಗಂಟೆಗೆ 80 ಕಿ.ಮೀ. ಮೀರುವಂತಿಲ್ಲ. ಅವತ್ತು ಕೈಗೆ ಏನು ಸಿಗಲಿಲ್ಲವೋ ಅದೇ ನಿಮ್ಮ ಕಿಟ್.

ನನ್ನ ಹೊಸ ಕೀಗೆ ಕೆಂಪು ದಾರ ಕಟ್ಟಿ ಗ್ಲೋವ್ ಬಾಕ್ಸ್‌ನಲ್ಲಿಟ್ಟಿದ್ದೇನೆ. ಟೈರು ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಅದು ಕೈಗೆ ಬರುವವರೆಗೂ ಗಾಡಿ ಸ್ಟಾರ್ಟ್ ಮಾಡುವುದಿಲ್ಲ.