ದೊಡ್ಡವರಿಗೆ ಮನೆ ರಿಪೇರಿ ಕಲಿಸುವಾಗ ಮೊದಲ ದಿನ ಏನು ಮಾಡಬೇಕು?

ತುಮಕೂರಿನಲ್ಲಿ ನಿಮ್ಮ ಬಡಾವಣೆಯವರೆಲ್ಲ ಸೇರಿ ದೊಡ್ಡವರಿಗೆ ರಿಪೇರಿ ಕಲಿಸುವ ಕಾರ್ಯಾಗಾರ ಮಾಡಬೇಕೆಂದಿದ್ದೀರಿ, ಮೊದಲು ಕರೆಂಟಿನ ಪಾಠ ಮಾಡಿಸಬೇಕೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಆರು ವರ್ಷದಿಂದ ತಿಂಗಳಿಗೊಂದು ಭಾನುವಾರ ಈ ಕೆಲಸ ಮಾಡುತ್ತಿದ್ದೇನೆ. ಪಾಠ ಬೇಡ. ಮನೆಯಿಂದ ಹೊತ್ತು ತಂದ ಕೆಟ್ಟ ಸಾಮಾನೇ ಪಾಠ. ಇನ್ನೊಂದು ಮಾತು, ಸ್ಕ್ರೂಡ್ರೈವರ್ ಅವರ ಕೈಯಲ್ಲಿರಲಿ, ನಿಮ್ಮ ಕೈಗೆ ಬರುವುದೇ ಬೇಡ.

ಮೊದಲ ವರ್ಷ ನಾನು ಇದೇ ತಪ್ಪು ಮಾಡಿದ್ದೆ. ಸಾಮಾನು ಕೊಟ್ಟವರನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಬಿಚ್ಚಿ, ಸರಿಮಾಡಿ ಕೊಡುತ್ತಿದ್ದೆ. ಜನ ಖುಷಿಯಾಗಿ ಹೋದರು, ಆದರೆ ಮುಂದಿನ ಸಲ ಅದೇ ದೋಷ ಇಟ್ಟುಕೊಂಡು ಬಂದರು. ಯಾರೂ ಏನೂ ಕಲಿತಿರಲಿಲ್ಲ.

ಆಮೇಲೊಂದು ದಿನ ಅರವತ್ತರ ಆಸುಪಾಸಿನ ಒಬ್ಬರು ಇಸ್ತ್ರಿ ಪೆಟ್ಟಿಗೆ ತಂದರು. "ಯಜಮಾನ್ರು ಇದ್ದಾಗ ಅವರೇ ನೋಡ್ಕೋತಿದ್ರು. ನಂಗೆ ಕರೆಂಟ್ ಅಂದ್ರೇನೇ ಭಯ" ಅಂದರು. ಪ್ಲಗ್ ಎಲ್ಲಿಗೂ ಹಾಕಿಲ್ಲ, ವೈರು ಮೇಜಿನ ಮೇಲೇ ಬಿದ್ದಿದೆ ನೋಡಿ ಅಂತ ತೋರಿಸಿ, ಹಿಂದಿನ ಮುಚ್ಚಳದ ಸ್ಕ್ರೂ ಅವರಿಂದಲೇ ಬಿಚ್ಚಿಸಿದೆ. ಕರೆಂಟಿನ ದಾರಿ ಪರೀಕ್ಷಿಸುವ ಮಲ್ಟಿಮೀಟರನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ, ಅದರ ಒಂದು ಕಡ್ಡಿ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ಒಳಗಿನ ವೈರಿನ ತುದಿಗೆ. ವೈರು ತುಂಡಾಗದಿದ್ದರೆ ಬೀಪ್ ಕೂಗುತ್ತದೆ. ಎರಡು ವೈರು ಕೂಗಿದವು, ಮೂರನೆಯದು ಸುಮ್ಮನಿತ್ತು. ಪೆಟ್ಟಿಗೆಯ ಕುತ್ತಿಗೆಯ ಹತ್ತಿರ ವೈರನ್ನು ಸ್ವಲ್ಪ ಬಗ್ಗಿಸಿ ಅಂದೆ. ಬಗ್ಗಿಸಿದಾಗ ಬೀಪ್, ಬಿಟ್ಟಾಗ ಇಲ್ಲ. "ಅಯ್ಯೋ, ಇಲ್ಲೇ ತುಂಡಾಗಿದೆ!" ಅಂತ ಅವರೇ ಹೇಳಿದರು. ದಿನಾ ಬಗ್ಗಿ ಬಗ್ಗಿ ವೈರು ತುಂಡಾಗುವುದು ಸಾಮಾನ್ಯವಾಗಿ ಅಲ್ಲೇ. ನಾಲ್ಕಿಂಚು ಕತ್ತರಿಸಿ, ತುದಿ ಸುಲಿದು, ಮತ್ತೆ ಬಿಗಿದರು. ಪ್ಲಗ್ ಹಾಕುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿಸಿದೆ: ದಪ್ಪ ಅರ್ತ್ ಪಿನ್ನಿಗೂ ಕೆಳಗಿನ ತಳಕ್ಕೂ ಕಡ್ಡಿ ಇಟ್ಟರೆ ಬೀಪ್ ಬರಲೇಬೇಕು, ಉಳಿದೆರಡು ಪಿನ್ನಿಗೂ ತಳಕ್ಕೂ ಇಟ್ಟರೆ ಬರಲೇಬಾರದು. ಮುಂದಿನ ತಿಂಗಳು ಅವರು ಪಕ್ಕದ ಮನೆಯವರನ್ನು ಕರೆದುಕೊಂಡು ಬಂದು, ಮೀಟರ್ ಹಿಡಿಯುವುದನ್ನು ತಾವೇ ಹೇಳಿಕೊಟ್ಟರು. ಅವತ್ತಿನಿಂದ ನಾನು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಲ್ಲುತ್ತೇನೆ.

ಮೊದಲ ದಿನ ಬೇಗ ಫಲ ಕಾಣುವ ಸಾಮಾನು ಸಾಕು. ತೊಟ್ಟಿಕ್ಕುವ ನಲ್ಲಿಯ ವಾಷರ್, ಕುಕ್ಕರಿನ ಗ್ಯಾಸ್ಕೆಟ್, ನಿಧಾನವಾದ ಸೀಲಿಂಗ್ ಫ್ಯಾನು (ಬಹುಪಾಲು ಮೋಟಾರಿಗೆ ಬಲ ಕೊಡುವ ಪುಟ್ಟ ಡಬ್ಬಿ, ಕಂಡೆನ್ಸರ್, ಸೊರಗಿರುತ್ತದೆ. ಹಳೆಯದರ ಮೇಲೆ ಬರೆದಿರುವ ಅಳತೆಯದನ್ನೇ ಹಾಕಬೇಕು, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್). ಮಿಕ್ಸಿ "ಸತ್ತೇ ಹೋಯ್ತು" ಅಂತ ತರುವವರಿಗೆ ಮೊದಲು ಅದನ್ನು ತಲೆಕೆಳಗು ಮಾಡಿ ಕೆಂಪು ಗುಂಡಿ ತೋರಿಸಿ. ಹೆಚ್ಚು ಹಿಟ್ಟು ತುಂಬಿ ಮೋಟಾರು ಬಿಸಿಯಾದಾಗ ಅದು ಹೊರಕ್ಕೆ ಹಾರುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಒತ್ತಿದರೆ ಮುಗಿಯಿತು. ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿರುವ ನಟ್ಟು ಮಾತ್ರ ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಮುರಿದವರು ಬಹಳ ಜನ.

ಬಿಚ್ಚಿದ ಸ್ಕ್ರೂ ಇಡಲು ಹಳೇ ಇಡ್ಲಿ ತಟ್ಟೆ ಇಟ್ಟುಕೊಳ್ಳಿ. ಒಂದೊಂದು ಗುಳಿಯಲ್ಲಿ ಒಂದೊಂದು ಹಂತದ್ದು, ವಾಪಸ್ ಹಾಕುವಾಗ ತಲೆ ಕೆಡುವುದಿಲ್ಲ.

ಕೆಲವಕ್ಕೆ ಖಡಾಖಂಡಿತ ಇಲ್ಲ ಅನ್ನಿ. ಮೈಕ್ರೋವೇವ್ ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ ಹಿಡಿದಿಟ್ಟಿರಬಹುದು. ಹಳೇ ಡಬ್ಬಾ ಟಿವಿಯೂ ಹಾಗೇ. ಗ್ಯಾಸ್ ರೆಗ್ಯುಲೇಟರ್, ಊದಿದ ಮೊಬೈಲ್ ಬ್ಯಾಟರಿ ಮುಟ್ಟಲೇಬೇಡಿ. ಪರೀಕ್ಷೆಗೆ ಕರೆಂಟ್ ಕೊಡುವ ಒಂದೇ ಒಂದು ಬೋರ್ಡ್ ಇರಲಿ, ಅದಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ. ಅದರ ಪಕ್ಕ ಎಲೆಕ್ಟ್ರಿಷಿಯನ್ ಒಬ್ಬರು ಕೂತಿರಲಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಈ ರೀತಿ ಸೇರಿ ರಿಪೇರಿ ಮಾಡುವುದಕ್ಕೆ ರಿಪೇರಿ ಕೆಫೆ ಅಂತ ಹೆಸರಿಟ್ಟು ಮಾರ್ಟಿನ್ ಪೋಸ್ಟ್ಮಾ ಎಂಬವರು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರು ಮಾಡಿದರು, 2015ರಲ್ಲಿ ಬೆಂಗಳೂರಿಗೂ ಬಂತು. ಆದರೆ ಕಲಿಸುವವರನ್ನು ದೂರ ಹುಡುಕಬೇಡಿ. ನಮ್ಮಲ್ಲಿ ಹೊಲಿಗೆಯ ಮೇಜು ಖಾಲಿ ಇತ್ತು. ಒಮ್ಮೆ ಮಗಳ ಜೊತೆ ಸುಮ್ಮನೆ ಬಂದ ಧಾರವಾಡದ ಕಡೆಯ ಅಜ್ಜಿಯೊಬ್ಬರು ಹರಿದ ಸೀರೆಗಳ ರಾಶಿ ನೋಡಿ, "ಇವನ್ಯಾಕ ಚೆಲ್ಲತೀರಿ? ಪದರ ಹಾಕಿ ಹೊಲೀರಿ, ಕೌದಿ ಆಗತೈತಿ" ಅಂದರು. ನೆಲದ ಮೇಲೆ ಕೂತು ಅಂಚಿನಿಂದ ಒಳಕ್ಕೆ ಸಾಲು ಸಾಲು ಹೊಲಿಗೆ ಹಾಕಿ ತೋರಿಸಿದರು. ಈಗ ನಮ್ಮಲ್ಲಿ ಹೆಚ್ಚು ಜನ ಕೂರುವುದು ಆ ಚಾಪೆಯ ಮೇಲೆ. ನಿಮ್ಮ ಬೀದಿಯಲ್ಲೂ ನಿವೃತ್ತ ಫಿಟ್ಟರ್, ಮನೆಯಲ್ಲೇ ಹೊಲಿಯುವವರು, ಸೈಕಲ್ ಅಂಗಡಿಯವರು ಇದ್ದೇ ಇರುತ್ತಾರೆ. ಹೋಗಿ ಬಾಯಿಬಿಟ್ಟು ಕರೆಯಿರಿ, ಬರುತ್ತಾರೆ. ಅಂಗಡಿಯವರಿಗೆ ಸಂಭಾವನೆ ಕೊಡಿ, ಅವರಿಗೆ ಭಾನುವಾರವೂ ದುಡಿಮೆಯ ದಿನ.

ಸರಿಹೋಗದ ಸಾಮಾನನ್ನು ಕೂಡಲೇ ಗುಜರಿಗೆ ಕೊಡಬೇಡಿ. ಮಾಲೀಕರು ಒಪ್ಪಿದರೆ ಅವರ ಕೈಯಲ್ಲೇ ಬಿಚ್ಚಿಸಿ ವೈರು, ಸ್ವಿಚ್ಚು, ಸ್ಪ್ರಿಂಗು, ಕಾರ್ಬನ್ ಬ್ರಷ್ಷು ತೆಗೆದಿಡಿ. ನಮ್ಮದೊಂದು ದೊಡ್ಡ ಬಿಸ್ಕತ್ತು ಡಬ್ಬಿ ಇದೆ. ಕಳೆದ ಭಾನುವಾರ ಒಬ್ಬರ ಹಳೇ ಮಿಕ್ಸಿಗೆ ಹೊಂದುವ ಸ್ವಿಚ್ಚು ಬೆಂಗಳೂರಿನ ಬಿಡಿಭಾಗಗಳ ಪೇಟೆ ಎಸ್.ಪಿ. ರಸ್ತೆಯಲ್ಲೂ ಸಿಕ್ಕಿರಲಿಲ್ಲ, ಆ ಡಬ್ಬಿಯಲ್ಲಿ ಸಿಕ್ಕಿತು.